ಸಂಕಪ್ಪ ಮಾಸ್ಟ್ರ ಮದ್ದಿನ ಕಟ್ಟು

ಸೈಕಲ್ ಇರುವುದು ಎಲ್ಲಿಗಾದರೂ ಹೋಗಲಿಕ್ಕೆ ಎಂದು ಸಿದ್ಧಕಟ್ಟೆಯಲ್ಲಿ ಎಲ್ಲರೂ ನಂಬಿದ್ದರು. ಸುಮ್ಮನೆ ತುಳಿಯಲಿಕ್ಕೂ ಸೈಕಲ್ ಆಗುತ್ತದೆ ಎಂದು ನಂಬಿದವರು ಶಾಲೆಯ ಸಂಕಪ್ಪ ಮಾಸ್ಟ್ರು ಒಬ್ಬರೇ. ನಲವತ್ತು ದಾಟಿದ ಮನುಷ್ಯ, ಮೊಣಕಾಲು ಆಗಲೇ ತಕರಾರು ತೆಗೆಯುತ್ತಿತ್ತು. ಆದರೂ ಆದಿತ್ಯವಾರ ಬಂತೆಂದರೆ ಪಂಚೆ ಎತ್ತಿ ಕಟ್ಟಿ ಹೊರಟುಬಿಡುತ್ತಿದ್ದರು. ಸಿದ್ಧಕಟ್ಟೆಯಿಂದ ಮೂಡಬಿದ್ರೆ, ಅಲ್ಲಿಂದ ವೇಣೂರಿನ ದಾರಿಯಾಗಿ ಬೆಳ್ತಂಗಡಿ, ಮತ್ತೆ ಬಂಟ್ವಾಳ, ಪುನಃ ಸಿದ್ಧಕಟ್ಟೆ. ಐವತ್ತು ಮೈಲಿಗೆ ಮೇಲೆಯೇ. ಬೆಳಿಗ್ಗೆ ಹೊರಟು ಸಂಜೆಯೊಳಗೆ ಈ ಸುತ್ತನ್ನು ಒಮ್ಮೆ ಮುಗಿಸಬೇಕು ಎಂಬುದು ಅವರ ಆಸೆ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಎಂದು ಊರು ನಕ್ಕಿತು.

ಈ ಸುತ್ತಿಗೆಂದೇ ನಾಲ್ಕು ಸಲ ಹೊರಟದ್ದಾಯಿತು, ನಾಲ್ಕು ಸಲವೂ ಗ್ರಹಚಾರ ಅವರಿಗಿಂತ ಮೊದಲೇ ಹೊರಟಿತ್ತು. ಮೊದಲ ಸಲ ಮೂಡಬಿದ್ರೆ ದಾಟುವಾಗ ಟಯರಿಗೆ ಲಾಳದ ಮೊಳೆ ಹೊಕ್ಕಿತು. ಪಂಕ್ಚರ್ ಹಾಕುವ ಮೂಸಾ ಆ ದಿನವೇ ನೆಂಟರ ಮದುವೆಗೆ ಹೋಗಿದ್ದ. ಎರಡನೆಯ ಸಲ ವೇಣೂರಿನ ಇಳಿಜಾರಿನಲ್ಲಿ ಪಂಚೆಯ ತುದಿ ಚೈನಿಗೆ ಸಿಕ್ಕಿ ಮಾಸ್ಟ್ರು ಒಂದು ಕಡೆ ಬಿದ್ದರು, ಪಂಚೆ ಇನ್ನೊಂದು ಕಡೆ ಉಳಿಯಿತು.

ಇವೆಲ್ಲ ಸೈಕಲ್ಲಿನ ತಪ್ಪು, ಸಹಿಸಬಹುದು. ಮನುಷ್ಯರ ಪ್ರೀತಿಯನ್ನು ಸಹಿಸುವುದು ಕಷ್ಟ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಅಪಶಕುನ. ಹಾಗಾಗಿ ದಾರಿಯುದ್ದಕ್ಕೂ "ದೂರವಾ ಮಾಸ್ಟ್ರೇ?" ಎಂದು ಕೇಳುತ್ತಿದ್ದರು. "ಹೀಗೇ, ಸುಮ್ಮನೆ" ಎಂದರೆ ಸಿಕ್ಕಿಬಿದ್ದಂತೆ. "ಸುಮ್ಮನೆ ಹೋಗುವುದಾದರೆ ಈ ಕೋಳಿಯನ್ನು ನನ್ನ ತಂಗಿಯ ಮನೆಗೆ ಮುಟ್ಟಿಸಿ" ಎಂದರು ಮೂರನೆಯ ಸಲ ಒಬ್ಬರು. ತಂಗಿಯ ಮನೆ ದಾರಿಯಿಂದ ಮೂರು ಮೈಲಿ ಒಳಗಿತ್ತು. ನಾಲ್ಕನೆಯ ಸಲ ವೇಣೂರಿನ ಹತ್ತಿರ ಒಂದು ಮನೆಯಲ್ಲಿ ನೀರು ಕೇಳಿದರು. ಬೆಲ್ಲ ನೀರು ಬಂತು, ಎಲೆ ಅಡಿಕೆ ಬಂತು, ಊಟವೂ ಆಯಿತು. ಕೊನೆಗೆ ಜರಿ ಸೀರೆ ಉಟ್ಟ ಮಗಳೂ ಹೊರಗೆ ಬಂದಳು. ಬಿಳಿ ಪಂಚೆ, ಸೈಕಲ್, ಕೊಡೆ, ಆದಿತ್ಯವಾರ: ಇವರು ಯಾವುದೋ ಹುಡುಗನ ಕಡೆಯಿಂದ ಹೆಣ್ಣು ನೋಡಲು ಬಂದವರೆಂದು ಮನೆಯವರು ತಿಳಿದಿದ್ದರು. ಮಾಸ್ಟ್ರಿಗೆ ಇದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಈಗ ಉಳಿದಿದ್ದದ್ದು ಒಂದೇ ಆದಿತ್ಯವಾರ. ಹೆಂಡತಿ ಕಾಂತಿಯ ತಮ್ಮ, ಬೆಳುವಾಯಿಯ ಶೇಖರನಿಗೆ ಆ ವರ್ಷ ಮದುವೆಯಾಗಿತ್ತು. ಚಾರ್ಮಾಡಿ ದಾರಿಯ ಕಕ್ಕಿಂಜೆಯಲ್ಲಿ ಮಾವನ ಮನೆಯ ಅಂಗಳದಲ್ಲಿ ಬೆಲ್ ಬಾರಿಸುತ್ತ ಸೈಕಲ್ಲಿನಿಂದ ಇಳಿಯಬೇಕೆಂದು ಅವನ ಆಸೆ. ಮದುವೆಯ ಚಪ್ಪರದಲ್ಲೇ, ನಾಲ್ಕು ಜನರ ಎದುರು, "ಪತ್ತನಾಜೆಗೆ ಭಾವನ ಸೈಕಲ್ ನಿನಗೆ" ಎಂದು ಕಾಂತಿ ಮಾತು ಕೊಟ್ಟುಬಿಟ್ಟಿದ್ದಳು. ಬೇಸಿಗೆ ಮುಗಿಯಿತೆಂದು ಲೆಕ್ಕ ಇಡುವ ದಿನ ಪತ್ತನಾಜೆ, ಅದು ಕಳೆದರೆ ಹೇಗೂ ಮಳೆ, ಕೆಸರು. ಮಾಸ್ಟ್ರು ಬೇಡ ಎನ್ನಲಿಲ್ಲ. ಆದರೆ ಆಮೇಲೆ ರಾತ್ರಿ ಊಟ ಸರಿಯಾಗಿ ಸೇರುತ್ತಿರಲಿಲ್ಲ. ಅವಳು ಅದನ್ನು ನೋಡುತ್ತಿದ್ದಳು.

ಆ ಆದಿತ್ಯವಾರ ಬೆಳಿಗ್ಗೆ ಅವಳು ಅಡಿಕೆ ಹಾಳೆಯಲ್ಲಿ ಸುತ್ತಿದ ಒಂದು ಕಟ್ಟನ್ನು ಕ್ಯಾರಿಯರಿಗೆ ಬಿಗಿದು, ಮೇಲೆ ಕಹಿಬೇವಿನ ಒಂದು ಗೆಲ್ಲು ಸಿಕ್ಕಿಸಿದಳು.

"ಯಾರಾದರೂ ದೂರವಾ ಅಂತ ಕೇಳಿದರೆ ಇದನ್ನು ತೋರಿಸಿ, ಬಾಯಿಗೆ ಬೆರಳು ಇಡಿ."

ಮಾಸ್ಟ್ರಿಗೆ ಅರ್ಥವಾಯಿತು. ನಾಟಿ ಮದ್ದು ಒಯ್ಯುವವನು ದಾರಿಯಲ್ಲಿ ಮಾತಾಡಬಾರದು, ಎಲ್ಲಿಯೂ ಕೂರಬಾರದು, ಯಾರ ಮನೆಗೂ ಹತ್ತಬಾರದು. ಮಾಡಿದರೆ ಮದ್ದಿನ ಗುಣ ಹೋಗುತ್ತದೆ. ಊರಿಗೆಲ್ಲ ಗೊತ್ತಿರುವ ಕಟ್ಟುಪಾಡು.

"ಒಳಗೆ ಎಂತ ಉಂಟು?" ಎಂದು ಕೇಳಿದರು.

"ಬಿಚ್ಚಬೇಡಿ, ಅಷ್ಟೇ. ಸಂಜೆ ಶೇಖರ ಬರ್ತಾನೆ. ಮುಗಿಸಿಕೊಂಡು ಬನ್ನಿ."

ತೆಂಗಿನ ಸಿಪ್ಪೆ ಇರಬೇಕು ಎಂದುಕೊಂಡು ಮಾಸ್ಟ್ರು ಹೊರಟರು.

ಅಂಥ ಸವಾರಿ ಅವರ ಜನ್ಮದಲ್ಲಿ ಆಗಿರಲಿಲ್ಲ. ಮೂಡಬಿದ್ರೆ ಪೇಟೆಯಲ್ಲಿ ಮೂಸಾ ಮಾತಿಲ್ಲದೆ ಎರಡೂ ಚಕ್ರಕ್ಕೆ ಗಾಳಿ ಹೊಡೆದುಕೊಟ್ಟ. ಕೋಳಿಯವರು ಗದ್ದೆಯ ಬದುವಿನಲ್ಲಿ ನಿಂತು ಬಾಯಿ ತೆರೆದವರು ಬೇವಿನ ಗೆಲ್ಲು ಕಂಡು ಮುಚ್ಚಿದರು. ವೇಣೂರಿನ ಆ ಮನೆಯ ಯಜಮಾನರಂತೂ ಗಾಡಿಯ ಎತ್ತುಗಳನ್ನು ಬದಿಗೆ ಎಳೆದು ದಾರಿ ಬಿಟ್ಟರು. ಚೈನ್ ಕಳಚಲಿಲ್ಲ, ನಾಯಿ ಬೆನ್ನು ಹತ್ತಲಿಲ್ಲ. ಹನ್ನೊಂದೂವರೆಗೆ ಬೆಳ್ತಂಗಡಿ ಮುಟ್ಟಿ ಸೈಕಲ್ ತಿರುಗಿಸಿದಾಗ ಮಾಸ್ಟ್ರಿಗೆ ಹಾಡಬೇಕೆನಿಸಿತು. ಮದ್ದಿನ ನೆನಪಾಗಿ ಸುಮ್ಮನಾದರು.

ಗುರುವಾಯನಕೆರೆಯ ಏರಿನಲ್ಲಿ ಮೊಣಕಾಲು ಹಿಡಿಯಿತು. ಇಳಿದು ನಾಲ್ಕು ಮಾರು ನೂಕಿದರೆ ಸರಿಯಾದೀತು ಎಂದು ಅವರು ಇಳಿದದ್ದೇ ತಪ್ಪಾಯಿತು. ಚಾರ್ಮಾಡಿ ಕಡೆಯಿಂದ ಬಂದ ಬಸ್ಸು ಪಕ್ಕದಲ್ಲೇ ನಿಂತಿತು. ಕಂಡಕ್ಟರ್ ಇಬ್ರಾಹಿಂ ಕೆಳಗೆ ಹಾರಿದ. ಅವನು ಸಿದ್ಧಕಟ್ಟೆ ಶಾಲೆಯಲ್ಲಿ ಇವರಿಂದಲೇ ಮಗ್ಗಿ ಕಲಿತವನು.

"ಮಾಸ್ಟ್ರೇ, ಮದ್ದು ಇಟ್ಟುಕೊಂಡು ನೂಕಿಕೊಂಡು ಹೋಗುವುದಾ? ಅಲ್ಲಿ ಜೀವ ಹೇಗುಂಟೋ ಏನೋ. ಬಂಟ್ವಾಳಕ್ಕಾ?"

ಮಾಸ್ಟ್ರು ಜೋರಾಗಿ ತಲೆ ಅಲ್ಲಾಡಿಸಿದರು.

"ಅದಕ್ಕಿಂತಲೂ ದೂರವಾ? ಹಾಗಾದರೆ ಹತ್ತಲೇಬೇಕು."

ಕ್ಯಾರಿಯರಿನ ಕಟ್ಟನ್ನು ಮಾಸ್ಟ್ರ ಕೈಗೆ ಕೊಟ್ಟು, ಇಬ್ಬರು ಪ್ರಯಾಣಿಕರು ಸೇರಿ ಸೈಕಲ್ಲನ್ನು ಬಸ್ಸಿನ ಮೇಲೆ ಏರಿಸಿಯೂ ಆಯಿತು. ಬಾಯಿ ಬಿಟ್ಟರೆ ಮದ್ದು ಕೆಡುತ್ತದೆ, ಬಿಡದಿದ್ದರೆ ಸುತ್ತು ಕೆಡುತ್ತದೆ. ಬೇಡ ಮಾರಾಯಾ ಎಂಬ ಮಾತು ನಾಲಗೆಯ ತುದಿಗೆ ಬಂತು. ಆದರೆ ಆಡಿದರೆ ಇದೆಲ್ಲ ವೇಷ ಎಂದು ಅಷ್ಟೂ ಜನರಿಗೆ ಗೊತ್ತಾಗುತ್ತದೆ. ಎತ್ತು ಎಳೆದವರು, ಗಾಳಿ ಹೊಡೆದವರು ಎಲ್ಲರ ಮುಖ ಕಣ್ಣೆದುರು ಬಂತು. ಮಾಸ್ಟ್ರು ಹತ್ತಿದರು.

ಒಳಗೆ ಒಬ್ಬ ಮುದುಕಿ ಎದ್ದು ಸೀಟು ಬಿಟ್ಟುಕೊಟ್ಟಳು. ಕೂರಬೇಕು ಎನ್ನುವಷ್ಟರಲ್ಲಿ ಹಿಂದಿನಿಂದ ಯಾರೋ, "ಕೂರಿಸಬೇಡಿ, ಮದ್ದು ಉಂಟಲ್ಲ" ಎಂದರು. ಮುದುಕಿ ತಪ್ಪಾಯಿತು ಎಂದು ಪುನಃ ಕುಳಿತುಕೊಂಡಳು. ಮೂವತ್ತು ಮೈಲಿ ತುಳಿದ ಕಾಲಿನಲ್ಲಿ ಮಾಸ್ಟ್ರು ಕಟ್ಟನ್ನು ಎದೆಗೆ ಅವಚಿಕೊಂಡು ಬಂಟ್ವಾಳದವರೆಗೂ ನಿಂತರು. ತಾವು ತುಳಿಯಬೇಕಾದ ರಸ್ತೆ ಕಿಟಕಿಯ ಹೊರಗೆ ಹಿಂದೆ ಹಿಂದೆ ಓಡುತ್ತಿತ್ತು. ಅದನ್ನು ನೋಡಿ ಅವರಿಗೆ ಅಳು ಬಂದಂತಾಯಿತು. ರೋಗಿ ತೀರಾ ಹತ್ತಿರದವರಿರಬೇಕು ಎಂದು ಪ್ರಯಾಣಿಕರು ಮರುಗಿದರು. ಇಬ್ರಾಹಿಂ ಟಿಕೆಟು ಕೊಡಲಿಲ್ಲ.

ಬಂಟ್ವಾಳದಲ್ಲಿ ಇಳಿದಾಗ ಒಂದು ಗಂಟೆ. ಹಿಂದೆ ಹೋಗಿ ಆ ತುಂಡನ್ನು ತುಳಿದು ಬರಲು ಮೊಣಕಾಲು ಒಪ್ಪಲಿಲ್ಲ. ಒಂದು ಮರದ ಕೆಳಗೆ ತುಂಬಾ ಹೊತ್ತು ನಿಂತರು, ಕಟ್ಟು ಕೈಯಲ್ಲಿದ್ದುದರಿಂದ ಕೂರಲಿಲ್ಲ. ಸುತ್ತು ಮುಗಿಯಿತು ಎಂದರೆ ಮನೆಯಲ್ಲಿ ಯಾರೂ ಸಾಕ್ಷಿ ಕೇಳುವವರಿಲ್ಲ. ಬಸ್ಸೇನು ಎಲ್ಲರ ಬಳಿ ಹೇಳಿಕೊಂಡು ತಿರುಗುತ್ತದೆಯೇ?

ಸಿದ್ಧಕಟ್ಟೆಗೆ ಬಂದಾಗ ಶೇಖರ ಜಗಲಿಯಲ್ಲಿ ಚಾ ಕುಡಿಯುತ್ತಿದ್ದ. ಕಾಂತಿ ಹೊರಗೆ ಬಂದಳು.

"ಮುಗಿಯಿತಾ?"

"ಇಲ್ಲ" ಎಂದರು ಮಾಸ್ಟ್ರು. ಹೊರಟ ಮೇಲೆ ಅವರು ಆಡಿದ ಮೊದಲ ಮಾತು ಅದು. ನಡೆದದ್ದೆಲ್ಲ ಹೇಳಿದರು, ಬಸ್ಸನ್ನೂ ಬಿಡದೆ.

ಶೇಖರ ನಕ್ಕು ಚಾ ನೆತ್ತಿಗೇರಿಸಿಕೊಂಡ. "ಬಸ್ಸೂ ಅದೇ ದಾರಿಯಲ್ಲಿ ಬಂದದ್ದಲ್ಲವಾ ಭಾವ? ಮುಗಿಯಿತು ಅಂತಲೇ ಲೆಕ್ಕ ಇಡುವ."

"ಅದು ಬಸ್ಸಿನ ಸುತ್ತು" ಎಂದರು ಮಾಸ್ಟ್ರು. ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಒರೆಸತೊಡಗಿದರು. ಕೊಡುವ ವಸ್ತು ಚೊಕ್ಕವಾಗಿರಲಿ ಎಂದು ಕಡ್ಡಿಕಡ್ಡಿಯನ್ನೂ ಒರೆಸಿದರು.

ಕಾಂತಿ ಹಾಳೆಯ ಕಟ್ಟು ಬಿಚ್ಚಿದಳು. ಒಳಗೆ ಹುಲ್ಲು ಸುತ್ತಿದ ಒಂದು ಕುಪ್ಪಿ ಇತ್ತು, ಅದರಲ್ಲಿ ಪಂಡಿತರು ಕಾಯಿಸಿಕೊಟ್ಟ ತೈಲ.

"ಮದ್ದೇ ಇತ್ತಾ?" ಮಾಸ್ಟ್ರು ಕೈ ನಿಲ್ಲಿಸಿದರು.

"ಊರಿಗೆಲ್ಲ ಸುಳ್ಳು ತೋರಿಸಿಕೊಂಡು ಹೋಗಿ ಅಂತ ನಾನು ಹೇಳ್ತೇನಾ? ನಿಮ್ಮ ಮೊಣಕಾಲಿಗೆ ಮೊನ್ನೆಯೇ ತರಿಸಿದ್ದು. ಮದ್ದು ರೋಗಿಯ ಮನೆಗೆ ಮುಟ್ಟಿತಲ್ಲ. ಕಾಲು ನೀಡಿ."

ಮಾಸ್ಟ್ರು ಬೆಳಗಿನಿಂದ ಮೊದಲ ಬಾರಿ ಕುಳಿತರು. ಅವಳು ತೈಲ ಹಚ್ಚಿ ತಿಕ್ಕತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ಶೇಖರ ಎದ್ದು ಸೈಕಲ್ಲಿನ ಹತ್ತಿರ ಹೋದ.

"ಹಾಗಾದರೆ ನಾನು ಹೊರಡ್ತೇನೆ ಅಕ್ಕ."

"ಹೊರಡು. ಸೈಕಲ್ ಇಲ್ಲೇ ಇರಲಿ."

"ಪತ್ತನಾಜೆಗೆ ಅಂತ ನೀನೇ ಹೇಳಿದ್ದು."

"ಹೇಳಿದ್ದೇನೆ, ಇಲ್ಲ ಅನ್ನುವುದಿಲ್ಲ. ಇವರ ಮದ್ದು ನಡೀತಾ ಉಂಟು, ನೋಡ್ತೀಯಲ್ಲ. ಈ ಕುಪ್ಪಿ ಮುಗಿದ ದಿನ ಬಾ. ಅಲ್ಲಿಯವರೆಗೆ ಮಾವನ ಮನೆಗೆ ಬಸ್ಸಿನಲ್ಲಿ ಹೋಗು. ಇಬ್ರಾಹಿಂ ಚಂದ ನೋಡಿಕೊಳ್ತಾನಂತೆ."

ಶೇಖರ ಕುಪ್ಪಿಯನ್ನು ನೋಡಿದ, ಭಾವನ ಮುಖ ನೋಡಿದ, ಚಪ್ಪಲಿ ಮೆಟ್ಟಿಕೊಂಡ.

ಅವನು ಅಂಗಳ ದಾಟಿದ ಮೇಲೆ ಕಾಂತಿ ಅಂಗೈಯಲ್ಲಿ ಉಳಿದಿದ್ದ ತೈಲವನ್ನು ಒಂದು ಹನಿಯೂ ಚೆಲ್ಲದಂತೆ ಕುಪ್ಪಿಗೆ ವಾಪಸು ಇಳಿಸಿ, ಬಿರಡೆ ಒತ್ತಿದಳು.