ಗುರುವಯ್ಯನ ಮನೆ ಒಲೆ

ಗುರುವಯ್ಯ ಗ್ಯಾಸ್ ಸಿಲಿಂಡರನ್ನು ಹೆಗಲಿನಿಂದ ಇಳಿಸಿ, ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಜಗಲಿಯಲ್ಲಿ ಮಲಗಿಸಿದ್ದ ರುಕ್ಮಿಣಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಹಿಂದೆ ಹೆಂಡತಿ ಜವರಮ್ಮ ಕಂಕುಳಲ್ಲಿ ಸ್ಟವ್, ಕೈಯಲ್ಲಿ ಎರಡು ಕೋಳಿ ಹಿಡಿದು ನಿಂತಿದ್ದಳು. ಕೋಳಿ ಹಿಡಿದುಕೊಂಡು ಕೈಮುಗಿಯುವುದು ಹೇಗೆಂದು ತಿಳಿಯದೆ ತಲೆಯನ್ನಷ್ಟೇ ಬಾಗಿಸಿದಳು.

"ಬೇಜಾರು ಮಾಡ್ಕಬೇಡಿ ಕಲ್ಲೇಶಣ್ಣ," ಎಂದ ಗುರುವಯ್ಯ, ರುಕ್ಮಿಣಮ್ಮನ ಮಗನಿಗೆ. "ಅಮ್ಮಾವ್ರನ್ನ ನೋಡಕ್ಕೆ ಅಂತ್ಲೇ ಹೊರಟಿದ್ವಿ. ಅಷ್ಟೊತ್ತಿಗೆ ಹಳ್ಳದ ನೀರು ಎಸ್ಟೇಟಿನ ಲೈನ್ ಮನೆ ಒಳಗೇ ಬಂತು. ಇವನ್ನೆಲ್ಲ ಬಿಟ್ಟು ಬರಕ್ಕಾಗ್ಲಿಲ್ಲ."

ರುಕ್ಮಿಣಮ್ಮ ತೀರಿಕೊಂಡದ್ದು ಹಿಂದಿನ ಸಂಜೆ, ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ. ಅರ್ಧಕ್ಕೆ ಬಿಟ್ಟು ಏಳುವ ಹೆಂಗಸಲ್ಲ ಎಂದು ಅವಳ ಅಕ್ಕ ತುಂಗಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ರಾತ್ರಿ ಯಾರೂ ಎಣಿಸದಂಥ ಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ಸಂಸೆ ಕಡೆಯ ಹಳ್ಳ ಉಕ್ಕಿ ಸೇತುವೆ ಮುಳುಗಿತ್ತು. ಗಂಡನನ್ನು ಸುಟ್ಟ ಗದ್ದೆಯಂಚಿನಲ್ಲೇ ತನ್ನನ್ನೂ ಸುಡಬೇಕೆಂದು ರುಕ್ಮಿಣಮ್ಮ ಹೇಳಿಟ್ಟಿದ್ದಳು. ಆ ಗದ್ದೆ ಸೇತುವೆಯ ಆಚೆ. ನೀರು ಇಳಿಯುವವರೆಗೆ ಹೆಣ ಎತ್ತುವಂತಿರಲಿಲ್ಲ.

ಆ ತಗ್ಗಿನಲ್ಲಿ ನೀರು ತಲುಪದ ಮನೆ ಇದೊಂದೇ. ಹಾಗಾಗಿ ಸಾವಿಗೆ ಬಂದವರು ಯಾರು, ನೆರೆಗೆ ಬಂದವರು ಯಾರು ಎಂದು ಹೇಳುವುದೇ ಕಷ್ಟವಾಯಿತು. ಹಾರ ತಂದವರು ಸಾವಿಗೆ, ಹಾಸಿಗೆ ತಂದವರು ನೆರೆಗೆ ಎಂದುಕೊಳ್ಳಬಹುದಿತ್ತು. ಆದರೆ ಕೆಳಗಿನ ಮನೆ ರೇವಣ್ಣ ಎರಡನ್ನೂ ತಂದಿದ್ದ.

ಕಲ್ಲೇಶ್ ನಿಂತಲ್ಲಿ ನಿಲ್ಲದೆ ಓಡಾಡುತ್ತಿದ್ದ. ದೀಪಕ್ಕೆ ಎಣ್ಣೆ ಹಾಕಿದ, ಅಂಗಳಕ್ಕೆ ಟಾರ್ಪಾಲು ಕಟ್ಟಿದ, ಮತ್ತೆ ದೀಪಕ್ಕೆ ಎಣ್ಣೆ ಹಾಕಿದ. ಅಮ್ಮನನ್ನು ಕ್ರಮ ತಪ್ಪದೆ ಕಳಿಸಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು. ಹಿಂದಿನ ಸಂಜೆಯಿಂದ ಅವನ ಕಣ್ಣಲ್ಲಿ ಒಂದು ಹನಿ ನೀರು ಬಂದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಕ್ಕಳು ಹಸಿವೆಯಿಂದ ರಗಳೆ ಶುರುಮಾಡಿದವು. ದೊಡ್ಡವರು ಮರ್ಯಾದೆಗೆ ಸುಮ್ಮನಿದ್ದರು.

"ಒಂದು ಪಾತ್ರೆ ಅನ್ನಕ್ಕಿಡ್ಲಾ?" ಎಂದು ಕಲ್ಲೇಶನ ಹೆಂಡತಿ ಸೌಜನ್ಯ ಮೆಲ್ಲಗೆ ಕೇಳಿದಳು.

"ಹೆಣ ಎತ್ತೋ ತನಕ ಮನೆ ಒಲೆ ಹಚ್ಚಂಗಿಲ್ಲ. ಪಕ್ಕದ ಮನೆಯವ್ರು ಮಾಡಿ ತಂದ್ಕೊಡೋದು ಕ್ರಮ."

"ಪಕ್ಕದ ಮನೆ ನೀರಲ್ಲಿದೆ ಕಣ್ರಿ. ಪಕ್ಕದ ಮನೆಯವ್ರು ನಮ್ ಜಗಲೀಲಿದಾರೆ. ಅತ್ತೆ ಇದ್ದಿದ್ರೆ ಇಷ್ಟೊತ್ತಿಗೆ ಎರಡನೇ ಪಂಕ್ತಿ ಆಗಿರೋದು."

"ಅಮ್ಮ ಇಲ್ವಲ್ಲ," ಎಂದು ಕಲ್ಲೇಶ್ ಮತ್ತೆ ಎಣ್ಣೆ ಬಾಟಲಿ ಹುಡುಕಿಕೊಂಡು ಹೋದ.

*

ಎರಡು ಸಾವಿರದ ಹತ್ತೊಂಬತ್ತರ ನೆರೆಯಲ್ಲೂ ಈ ಮನೆ ಹೀಗೇ ತುಂಬಿತ್ತು. ರುಕ್ಮಿಣಮ್ಮನಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಗೋಡೆ ಬಿದ್ದವರು ಬಂದರೂ, ದನ ಕಳೆದುಕೊಂಡವರು ಬಂದರೂ ಏನಾಯಿತೆಂದು ಕೇಳದೆ ಊಟಕ್ಕೆ ಹಾಕಿ, ಒಂದು ಕೆಲಸ ಹಚ್ಚುತ್ತಿದ್ದಳು.

ಆಗ ಗುರುವಯ್ಯ ಎಸ್ಟೇಟಿನಲ್ಲಿ ಮೇಸ್ತ್ರಿ. ಅವನು ಒಂದು ಸಲ ಕೂಗಿದರೆ ಆಳುಗಳೆಲ್ಲ ತಲೆ ತಗ್ಗಿಸಿ ಕಾಫಿ ಹಣ್ಣು ಕೊಯ್ಯುತ್ತಿದ್ದರು. ಅವನ ಕಣ್ಣೆದುರೇ ಹಸು ಕೊಚ್ಚಿಹೋಗಿತ್ತು. ಬಂದವನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತ. ಊಟ ಬೇಡ, ಮಾತು ಬೇಡ. ಯಾರಾದರೂ ಹತ್ತಿರ ಹೋದರೆ "ನಂಗೇನಾಗಿಲ್ಲ" ಎಂದು ಗದರುತ್ತಿದ್ದ.

ರುಕ್ಮಿಣಮ್ಮ ಒಂದು ಬುಟ್ಟಿ ಈರುಳ್ಳಿಯನ್ನೂ ಮೆಟ್ಟುಗತ್ತಿಯನ್ನೂ ತಂದು ಅವನ ಮುಂದಿಟ್ಟಳು.

"ಹೆಚ್ಚು. ಸಣ್ಣಗೆ."

ಎರಡನೆಯ ಈರುಳ್ಳಿಗೆ ಕಣ್ಣಲ್ಲಿ ನೀರು ಬಂತು. ಬುಟ್ಟಿ ಅರ್ಧವಾಗುವಾಗ ಅವನ ಹೆಗಲೆಲ್ಲ ನಡುಗುತ್ತಿತ್ತು. "ಈ ಸಲದ ಈರುಳ್ಳಿ ಭಾರೀ ಖಾರ," ಎಂದು ರುಕ್ಮಿಣಮ್ಮ ಎಲ್ಲರಿಗೂ ಕೇಳುವಂತೆ ಹೇಳಿ ಒಳಗೆ ಹೋದಳು. ಯಾರೂ ಅವನ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ನೆರೆ ಇಳಿಯುವವರೆಗೆ ಈರುಳ್ಳಿ ಹೆಚ್ಚುವ ಆ ಮೂಲೆ ಒಂದು ದಿನವೂ ಖಾಲಿ ಇರಲಿಲ್ಲ. ಸಾರು, ಪಲ್ಯ, ಉಪ್ಪಿಟ್ಟು, ಎಲ್ಲದರಲ್ಲೂ ಈರುಳ್ಳಿಯೇ ಈರುಳ್ಳಿ. ಪಾಯಸಕ್ಕೂ ಹಾಕಿಬಿಡುತ್ತಾಳೋ ಎಂದು ತುಂಗಮ್ಮ ಹೆದರಿದ್ದಳು. ಕಲ್ಲೇಶನಿಗೆ ರೇಗಿತ್ತು.

"ಇಷ್ಟೊಂದು ಈರುಳ್ಳಿ ಯಾರಿಗಮ್ಮ?"

"ಬೇಕಾದೋರಿಗೆ," ಎಂದಿದ್ದಳು ರುಕ್ಮಿಣಮ್ಮ.

*

"ಗುರುವಯ್ಯ, ಆ ಸ್ಟವ್ ಯಾರದ್ದು?" ತಂಗಿಯ ತಲೆಯ ಬಳಿ ಕೂತಿದ್ದ ತುಂಗಮ್ಮ ಇದ್ದಕ್ಕಿದ್ದಂತೆ ಕೇಳಿದಳು.

"ನಮ್ದೇ ಅಮ್ಮ."

"ಸಿಲಿಂಡ್ರು?"

"ಅದೂ ನಮ್ದೇ. ಮೊನ್ನೆ ಬಂದಿದ್ದು, ಇನ್ನೂ ಸೀಲೇ ತೆಗೆದಿಲ್ಲ."

"ಹಂಗಾದ್ರೆ ಅದು ನಿಮ್ಮನೆ ಒಲೆ. ತಗೊಂಡೋಗಿ ಪಲ್ಪರ್ ಶೆಡ್ಡಲ್ಲಿ ಹಚ್ಚು. ರುಕ್ಮಿಣಿ ಒಲೆ ತಣ್ಣಗೇ ಇರ್ಲಿ." ತುಂಗಮ್ಮ ಕಲ್ಲೇಶನ ಕಡೆ ತಿರುಗಿದಳು. "ಪಕ್ಕದ ಮನೆಯವ್ರು ಅನ್ನ ಮಾಡೋದು ಕ್ರಮ ಅಂದ್ಯಲ್ಲ? ಪಕ್ಕದ ಮನೆ ಒಲೆ ಸಮೇತ ಬಂದಿದೆ ಮಾರಾಯ. ಇನ್ನೇನು ಬೇಕು ನಿಂಗೆ?"

ಕಲ್ಲೇಶ್ ಬಾಯಿ ತೆರೆದ. ಅಷ್ಟರಲ್ಲಿ ರೇವಣ್ಣ ಸಿಲಿಂಡರನ್ನು ಅರ್ಧ ದಾರಿ ಉರುಳಿಸಿಕೊಂಡು ಹೋಗಿದ್ದ.

"ಮೊದ್ಲು ಕಾಫಿಗಿಡು," ಎಂದು ತುಂಗಮ್ಮ ಹಿಂದಿನಿಂದ ಕೂಗಿದಳು.

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಶೆಡ್ಡಿನಲ್ಲಿ ಜವರಮ್ಮ ಸೆರಗು ಕಟ್ಟಿ ನಿಂತಳು. ಮಳೆಗಾಲಕ್ಕೆಂದು ರುಕ್ಮಿಣಮ್ಮ ಅಟ್ಟಕ್ಕೆ ಏರಿಸಿಟ್ಟಿದ್ದ ಅಕ್ಕಿ, ಬೇಳೆ, ಈರುಳ್ಳಿಯನ್ನು ಸೌಜನ್ಯ ಇಳಿಸಿ ಕೊಟ್ಟಳು. ಕೋಳಿಗಳನ್ನು ದೂರ ಕಟ್ಟಿದರು, ಆ ದಿನದ ಮಟ್ಟಿಗೆ ಅವುಗಳಿಗೆ ಭಯವಿರಲಿಲ್ಲ. ಅನ್ನ ಕುದಿಯುವ ವಾಸನೆ ಬಂದಾಗ ಜನಕ್ಕೆ ಮಾತೂ ಬಂತು. ರುಕ್ಮಿಣಮ್ಮನ ಕೈಯಲ್ಲಿ ಯಾರು ಎಷ್ಟು ಬೈಸಿಕೊಂಡಿದ್ದರು ಎಂದು ಒಬ್ಬರಾದ ಮೇಲೊಬ್ಬರು ಹೇಳಿ ನಕ್ಕರು. ಬೈಸಿಕೊಳ್ಳದವರಿಗೆ ಬೇಸರವಾಯಿತು.

ಕಲ್ಲೇಶ್ ಮಾತ್ರ ಶೆಡ್ಡಿನ ಮೂಲೆಯಲ್ಲಿ ಹಳ್ಳದ ಕಡೆ ಮುಖ ಮಾಡಿ ಕೂತಿದ್ದ. ಮಾಡಲು ಅವನಿಗಿನ್ನು ಯಾವ ಕೆಲಸವೂ ಉಳಿದಿರಲಿಲ್ಲ. ರೇವಣ್ಣ ಕಾಫಿ ಹಿಡಿದು ಬಂದ.

"ನಂಗೇನಾಗಿಲ್ಲ," ಎಂದು ಕಲ್ಲೇಶ್ ಗದರಿದ.

ಗುರುವಯ್ಯ ಅದನ್ನು ಕೇಳಿಸಿಕೊಂಡ. ಎದ್ದು ಹೋಗಿ ಒಂದು ಬುಟ್ಟಿ ಈರುಳ್ಳಿಯನ್ನೂ ಮೆಟ್ಟುಗತ್ತಿಯನ್ನೂ ತಂದು ಅವನ ಮುಂದಿಟ್ಟ.

"ಹೆಚ್ಚಿ ಕಲ್ಲೇಶಣ್ಣ. ಸಣ್ಣಗೆ."

ಕಲ್ಲೇಶ್ ಬುಟ್ಟಿಯನ್ನು ನೋಡಿದ. ಗುರುವಯ್ಯನನ್ನು ನೋಡಿದ. ಕತ್ತಿಯ ಮಣೆಯ ಮೇಲೆ ಕಾಲಿಟ್ಟು ಒಂದು ಈರುಳ್ಳಿಯನ್ನು ಎರಡು ಹೋಳು ಮಾಡಿದ. ಮೂರನೆಯದಕ್ಕೆ ಕಣ್ಣಲ್ಲಿ ನೀರು ಬಂತು. ಅಮ್ಮ ಇಲ್ಲ ಎಂಬುದು ಅವನಿಗೆ ಆಗ ಗೊತ್ತಾಯಿತು. ಚಿಕ್ಕ ಹುಡುಗನಂತೆ ಬಿಕ್ಕುತ್ತ, ಮೂಗನ್ನು ತೋಳಿಗೆ ಒರೆಸಿಕೊಳ್ಳುತ್ತ ಹೆಚ್ಚಿದ.

"ಈ ಸಲದ ಈರುಳ್ಳಿ ಭಾರೀ ಖಾರ," ಎಂದ ಗುರುವಯ್ಯ, ಯಾರ ಮುಖವನ್ನೂ ನೋಡದೆ.

"ಹೌದಂತೆ," ಎಂದಳು ತುಂಗಮ್ಮ ಜಗಲಿಯಿಂದ.

ಕೆಳಗಿನಿಂದ ರೇವಣ್ಣ ಏದುಸಿರು ಬಿಡುತ್ತ ಬಂದ. "ನೀರು ಇಳೀತಿದೆ. ಸೇತುವೆ ಕಂಬಿ ಕಾಣ್ತಿದೆ."

"ತಡಿ ಮಾರಾಯ," ಎಂದ ಗುರುವಯ್ಯ. "ಇನ್ನೊಂಚೂರು ಇಳೀಲಿ."

ಬುಟ್ಟಿ ಖಾಲಿಯಾಗಿತ್ತು. ಸೌಜನ್ಯ ಇನ್ನೊಂದು ಬುಟ್ಟಿ ತಂದು ಗಂಡನ ಮುಂದಿಟ್ಟಳು. ಆಮೇಲೆ ತಾನೂ ಒಂದು ಚಾಕು ತಂದು ಅವನ ಪಕ್ಕದಲ್ಲಿ ಕೂತಳು.