ಬ್ಯಾರನ್ನಿನಲ್ಲಿ ಒಣಗಿದ ಬಿ.ಎ.

ರಮ್ಯಾ ಮದುವೆಯಾಗಿ ಬರುವಾಗ ಒಂದು ತಗಡಿನ ಟ್ರಂಕು ತಂದಿದ್ದಳು. ಪಿರಿಯಾಪಟ್ಟಣದ ಹತ್ತಿರದ ಆ ಹಳ್ಳಿಯ ಹೆಂಗಸರು ಅದನ್ನು ಎತ್ತಿ ನೋಡಿ, ಇಷ್ಟು ಭಾರವಿದೆ ಅಂದರೆ ಹಿತ್ತಾಳೆ ಪಾತ್ರೆಯೇ ಇರಬೇಕು ಎಂದು ಕಣ್ಣರಳಿಸಿದ್ದರು. ಮುಚ್ಚಳ ತೆಗೆದರೆ ಬರೀ ಹಾಳೆ. ಹುಣಸೂರಿನ ಕಾಲೇಜಿನಲ್ಲಿ ಎರಡು ವರ್ಷ ಬರೆದ ಬಿ.ಎ. ನೋಟ್ಸು: ಚರಿತ್ರೆ, ಅರ್ಥಶಾಸ್ತ್ರ, ಕನ್ನಡ. ಮೇಷ್ಟ್ರು ಹೇಳಿದ್ದು, ಲೈಬ್ರರಿಯಲ್ಲಿ ಕೂತು ಇಳಿಸಿಕೊಂಡದ್ದು, ಟೆಸ್ಟಿನ ಉತ್ತರ, ಕೆಂಪು ಶಾಯಿಯ ತಿದ್ದುಪಡಿ ಸಮೇತ ಎಲ್ಲ ಇತ್ತು. ಪಾಠಕ್ಕೊಂದರಂತೆ ದಾರದಲ್ಲಿ ಹೊಲಿದ ಕಟ್ಟುಗಳು.

ಅತ್ತೆ ಸಿದ್ದಲಿಂಗಮ್ಮ ಎರಡನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಅಂಕಿ ಗೊತ್ತು, ಅಕ್ಷರ ಅಷ್ಟಕ್ಕಷ್ಟೆ. ಆದರೂ ಆ ಟ್ರಂಕನ್ನು ಅಟ್ಟದ ಮೇಲೆ ಬಿತ್ತನೆ ರಾಗಿಯ ಪಕ್ಕದಲ್ಲೇ ಇಡಿಸಿದ್ದಳು. ಕಡಲೆಕಾಯಿ ಕಟ್ಟಲು ಯಾರಾದರೂ ಒಂದು ಹಾಳೆ ಕೇಳಿದರೆ ಅವರ ಮೇಲೆ ಎಗರಿಬೀಳುತ್ತಿದ್ದಳು.

ಕಡೆಯ ವರ್ಷ ರಮ್ಯಾ ಗಂಡನ ಮನೆಯಿಂದಲೇ ಕಾಲೇಜಿಗೆ ಹೋಗಿಬಂದು, ಆ ನೋಟ್ಸನ್ನೂ ಟ್ರಂಕಿಗೆ ಸೇರಿಸಿದ್ದಳು. ಪರೀಕ್ಷೆಯ ಹೊತ್ತಿಗೆ ಹೆರಿಗೆಯಾಗಿ ಪರೀಕ್ಷೆ ತಪ್ಪಿತ್ತು. ಈಗ ಕೂಸು ತಪ್ಪುಹೆಜ್ಜೆ ಇಡುತ್ತಿತ್ತು. ಗಂಡ ಮಾದೇಶ ಹುಣಸೂರಿಗೆ ಹೋಗಿ ಫೀಸು ಕಟ್ಟಿ ಬಂದಿದ್ದ. ಸಿದ್ದಲಿಂಗಮ್ಮ ಸುಮ್ಮನಿರುತ್ತಾಳೆಯೇ? ಬಾವಿಕಟ್ಟೆಯಲ್ಲಿ, ಹಾಲಿನ ಡೈರಿಯಲ್ಲಿ, ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿ ಸಹ, 'ನಮ್ ಸೊಸೆ ಈ ಸಲ ಬಿ.ಎ. ಪಾಸು' ಎಂದು ಪರೀಕ್ಷೆಗೆ ಮುಂಚೆಯೇ ಸಾರಿಬಿಟ್ಟಿದ್ದಳು.

ಪರೀಕ್ಷೆಗೆ ಇನ್ನು ಹತ್ತು ದಿನ ಇದೆ ಎನ್ನುವಾಗ ಭರಣಿ ಮಳೆ ಬಂತು. ಹಿಂದಿನ ದಿನವಷ್ಟೇ ಕೋತಿಗಳು ಸೂರಿನ ಮೇಲೆ ಕುಣಿದು ಹೆಂಚು ಸರಿಸಿದ್ದವು, ಯಾರೂ ನೋಡಿರಲಿಲ್ಲ. ಎಲ್ಲರೂ ಹೊಲದಿಂದ ಓಡಿಬರುವ ಹೊತ್ತಿಗೆ ಅಟ್ಟದ ಮೇಲೆ ಮುಚ್ಚಳ ತೆರೆದೇ ಇದ್ದ ಟ್ರಂಕು ತೊಟ್ಟಿಯಾಗಿತ್ತು. ಹೊಲಿಗೆಯ ದಾರ ಬಿಚ್ಚಿಕೊಂಡು ಹಾಳೆಗಳು ಒಂದಕ್ಕೊಂದು ಅಂಟಿ, ನೆನೆದ ಅವಲಕ್ಕಿಯಂತೆ ಮುದ್ದೆಯಾಗಿದ್ದವು. ಬಾಲ್ ಪೆನ್ನಿನಲ್ಲಿ ಬರೆದದ್ದರಿಂದ ಅಕ್ಷರ ಮಾತ್ರ ಉಳಿದಿತ್ತು.

ರಮ್ಯಾ ಅಳಲಿಲ್ಲ. ಕೂಸನ್ನು ಸೊಂಟಕ್ಕೆ ಏರಿಸಿಕೊಂಡಳು. "ಬುಡಿ ಅತ್ತೆ. ಮುಂದಿನ ವರ್ಷ ನೋಡುವ," ಎಂದಳು.

"ಮುಂದಿನ ವರ್ಷ ಅನ್ನೋ ಮಾತು ನಮ್ಮನೇಲಿ ಬ್ಯಾಡ," ಎಂದು ಸಿದ್ದಲಿಂಗಮ್ಮ ಗಂಡ ಕುಳ್ಳಯ್ಯನ ಕಡೆ ತಿರುಗಿದಳು. "ಏನ್ರೀ, ಬ್ಯಾರನ್ನು ಖಾಲಿ ಅದಲ್ವಾ?"

ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಕುಳ್ಳಯ್ಯನೇ ಒಡೆಯ. ಒಲೆಯ ಉರಿ ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎನ್ನುವುದರಲ್ಲಿ ಊರೇ ಅವನ ಮಾತು ಕೇಳುತ್ತಿತ್ತು. ಆತ ಒಂದು ಒದ್ದೆ ಹಾಳೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಮೂಸಿ, "ಸೊಪ್ಪಿಗೆ ಕೊಡೋ ಸಾಖ ಕೊಟ್ರೆ ಅಪ್ಪಳ ಆಯ್ತದೆ ಕಣಮ್ಮಿ. ಸಣ್ಣುರೀಲಿ ಮಾಡ್ಬೇಕು," ಎಂದ.

ಸೊಪ್ಪು ಪೋಣಿಸಲು ಬರುತ್ತಿದ್ದ ಪಕ್ಕದ ಮನೆಯ ಚಿಕ್ಕಮಾದಮ್ಮನೂ ಬಂದಳು. ಹಾಳೆಗಳನ್ನು ಒಂದೊಂದಾಗಿ ಬಿಡಿಸಿ, ಹಳೇ ಹೊಲಿಗೆಯ ತೂತಿಗೇ ದಾರ ಹಾಕಿ, ಸೊಪ್ಪಿನಂತೆಯೇ ಕಡ್ಡಿಗೆ ಕಟ್ಟಿದರು. ಮಾದೇಶ ಬ್ಯಾರನ್ನಿನೊಳಗಿನ ಅಡ್ಡಬೊಂಬುಗಳ ಮೇಲೆ ಹತ್ತಿ, ಕೆಳಗಿಂದ ಮೇಲಿನವರೆಗೆ ಕಡ್ಡಿಗಳನ್ನು ಏರಿಸಿದ. ಕುಳ್ಳಯ್ಯ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಸೌದೆ ತಳ್ಳಿದ. ದಾರಿಯಲ್ಲಿ ಹೋಗುತ್ತಿದ್ದ ಚಲುವಯ್ಯ ಹೊಗೆ ನೋಡಿ ನಿಂತ.

"ಏನ್ಲಾ ಕುಳ್ಳಯ್ಯ, ಸಸಿನೇ ನೆಟ್ಟಿಲ್ಲ, ಅದೇನ್ಲಾ ಬೇಯಿಸ್ತಿದ್ದೀಯ?"

"ಬಿ.ಎ. ಕಣ್ಲಾ," ಎಂದ ಕುಳ್ಳಯ್ಯ, ಉರಿಯಿಂದ ಕಣ್ಣು ತೆಗೆಯದೆ.

ಮಾರನೆಯ ದಿನ ಹಾಳೆಗಳು ಗರಿಗರಿಯಾಗಿ ಇಳಿದವು. ರಮ್ಯಾ ಕೂಸಿಗೆ ನೀರು ಹಾಕುತ್ತಿದ್ದಳು. ಅವಳು ಬರುವಷ್ಟರಲ್ಲಿ ಎಲ್ಲ ಒಪ್ಪವಾಗಿರಲಿ ಎಂದು ಸಿದ್ದಲಿಂಗಮ್ಮ ಮತ್ತು ಚಿಕ್ಕಮಾದಮ್ಮ ಗೋಣಿತಾಟು ಹಾಸಿ ಕೂತರು. ಇಳಿಸಿದ ಮಾಲನ್ನು ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗ್ರೇಡು ಮಾಡಬೇಕು! ನಿಂಬೆ ಬಣ್ಣದ್ದು ಒಂದು ಕಡೆ, ಹೊಂಬಣ್ಣದ್ದು ಒಂದು ಕಡೆ, ಕಂದಿದ್ದು ಒಂದು ಕಡೆ. ಮೇಲಿನ ಕಡ್ಡಿಯವು ಶಾಖಕ್ಕೆ ಕೆಂಪೇರಿದ್ದವು, ಕೆಳಗಿನವು ಬೆಳ್ಳಗೇ ಉಳಿದಿದ್ದವು. ಬಣ್ಣಕ್ಕೆ ಬಣ್ಣ ಕೂಡಿಸಿ, ಅಂಚು ತಟ್ಟಿ, ಹಗ್ಗ ಬಿಗಿದು ನಾಲ್ಕು ಬೇಲು ಕಟ್ಟಿದರು.

"ನೋಡವ್ವ, ಎಂಗೈತೆ ಮಾಲು! ಒಂದ್ ಹಾಳೆನೂ ಮಿಕ್ಸಿಲ್ಲ," ಎಂದು ಸಿದ್ದಲಿಂಗಮ್ಮ ಸೊಸೆಯ ಮುಂದೆ ಬೇಲು ತಟ್ಟಿದಳು.

ರಮ್ಯಾ ಒಂದು ಬೇಲಿನ ಹಗ್ಗ ಬಿಚ್ಚಿದಳು. ಮೊದಲ ಹಾಳೆ ಮೊಗಲರದು. ಅದರ ಕೆಳಗೆ ಬ್ಯಾಂಕುಗಳ ಕೆಲಸ. ಅದರ ಕೆಳಗೆ ಹಳಗನ್ನಡದ ಪದ್ಯದ ಅರ್ಧ. ಇನ್ನರ್ಧ ಎಲ್ಲಿದೆಯೋ! ಸಿದ್ದಲಿಂಗಮ್ಮ ಅವಳ ಮುಖ ನೋಡಿದಳು. ಮಳೆ ಉಳಿಸಿದ್ದನ್ನು ತಾನೇ ಹಾಳು ಮಾಡಿದೆನಲ್ಲಾ ಎನ್ನಿಸಿತು.

"ಬಣ್ಣ ನೋಡಿ ಜೋಡಿಸಿದ್ರಾ ಅತ್ತೆ?"

"ಊಂ ಕಣವ್ವ. ಇನ್ನೇನ್ ನೋಡ್ಬೇಕಿತ್ತು?"

ರಮ್ಯಾ ಸೆರಗು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕಿತು. ಅಳುತ್ತಿದ್ದಾಳೆಂದು ಸಿದ್ದಲಿಂಗಮ್ಮ ಹತ್ತಿರ ಹೋದರೆ, ಹುಡುಗಿ ನಗು ತಡೆಯಲಾರದೆ ಗೋಣಿತಾಟಿನ ಮೇಲೆ ಕುಸಿದು ಕೂತಳು. ಅವಳು ನಕ್ಕದ್ದಕ್ಕೆ ಕೂಸೂ ಕೇಕೆ ಹಾಕಿತು.

"ಬನ್ನಿ, ಬೇಲೆಲ್ಲ ಬಿಚ್ಚಿ. ನಾನು ಓದ್ತೀನಿ, ನೀವು ಎತ್ತಿಡಿ," ಎಂದಳು ಕೊನೆಗೆ.

ಅಂದಿನಿಂದ ಜಗಲಿಯೇ ಕಾಲೇಜಾಯಿತು. ಪ್ರತಿ ಹಾಳೆಯನ್ನೂ ನಾಲ್ಕು ಸಾಲು ಓದಿದರೇ ಅದು ಯಾವ ಪಾಠದ್ದೆಂದು ತಿಳಿಯುತ್ತಿತ್ತು. ಓದಿದ ಮೇಲೆ ಚಿಕ್ಕಮಾದಮ್ಮ ಬಿಡುತ್ತಿರಲಿಲ್ಲ.

"ಮಗನೇ ಅಪ್ಪನ್ನ ಕೋಟೇಲಿ ಕೂಡಾಕ್ದನಾ? ಆಮೇಲೆ?"

"ಆಮೇಲಿನ ಹಾಳೆ ಇನ್ನೂ ಸಿಕ್ಕಿಲ್ಲ ಚಿಕ್ಕಮಾದಕ್ಕ."

"ಸಿಕ್ದಿದ್ರೆ ನೆಪ್ಪಲ್ಲೇ ಏಳವ್ವ. ನಂಗೆ ಇವತ್ತು ಮುದ್ದೆ ಇಳಿಯಕಿಲ್ಲ."

ರಮ್ಯಾ ನೆನಪಿನಿಂದಲೇ ಹೇಳಬೇಕಾಗುತ್ತಿತ್ತು. ಮರುದಿನ ಹಾಳೆ ಸಿಕ್ಕಾಗ ಸರಿಯೋ ತಪ್ಪೋ ಗೊತ್ತಾಗುತ್ತಿತ್ತು. ತಪ್ಪಾಗಿದ್ದರೆ ಚಿಕ್ಕಮಾದಮ್ಮ, "ನೆನ್ನೆ ಬೇರೆ ಅಂದಿದ್ದೆ ಕಣವ್ವ," ಎಂದು ಹಿಡಿದುಬಿಡುತ್ತಿದ್ದಳು. ಮಾಲು ಹೆಚ್ಚು ಬಂದರೆ ಬೆಲೆ ಬೀಳುತ್ತದೆ ಎನ್ನುವ ಅರ್ಥಶಾಸ್ತ್ರದ ಪಾಠ ಬಂದಾಗ ಕುಳ್ಳಯ್ಯ ಎದ್ದು ಕೂತ.

"ಇದ್ ಕಲಿಯಕ್ಕೆ ಹುಣಸೂರಿಗಂಟ ಓಗಿದ್ದಾ? ಹರಾಜುಕಟ್ಟೇಲಿ ಒಂದಿನ ನಿಂತಿದ್ರೆ ಆಗಿತ್ತು."

"ನೀವು ಅದನ್ನೇ ಗ್ರಾಫಿನ ಗೆರೆ ಎಳೆದು ತೋರಿಸಿ ಮಾವ, ನಿಮಗೂ ಮಾರ್ಕ್ಸು ಕೊಡ್ತಾರೆ," ಎಂದಳು ರಮ್ಯಾ. ಕುಳ್ಳಯ್ಯ ಬೀಡಿ ಹುಡುಕುವ ನೆಪದಲ್ಲಿ ಎದ್ದು ಹೋದ.

ಪರೀಕ್ಷೆಯ ಹಿಂದಿನ ದಿನ ಕಡೆಯ ಕಟ್ಟಿಗೆ ಹೊಲಿಗೆ ಬಿತ್ತು. ಪ್ರತಿ ಪರೀಕ್ಷೆಯ ದಿನವೂ ಬೆಳಗಿನ ಬಸ್ಸಿಗೆ ರಮ್ಯಾ ಹೊರಟರೆ, ಸಿದ್ದಲಿಂಗಮ್ಮ ಕೂಸನ್ನೆತ್ತಿಕೊಂಡು ಬಸ್ಸು ಮರೆಯಾಗುವವರೆಗೆ ನಿಲ್ಲುತ್ತಿದ್ದಳು. ಬಾಯಲ್ಲಿ ಬಿ.ಎ. ಮಾತೇ ನಿಂತುಹೋಗಿತ್ತು. ಡೈರಿಯಲ್ಲಿ ಯಾರಾದರೂ ಕೇಳಿದರೆ ಹಾಲಿನ ಮಾತಾಡುತ್ತಿದ್ದಳು.

ಫಲಿತಾಂಶದ ದಿನ ಸೊಸೆಯ ಜೊತೆ ತಾನೂ ಹುಣಸೂರಿಗೆ ಹೋದಳು. ಬೋರ್ಡಿನ ಮುಂದೆ ಹುಡುಗರ ನೂಕುನುಗ್ಗಲು. ರಮ್ಯಾ ನಂಬರಿನ ಚೀಟಿ ಹಿಡಿದು ಕಂಬದ ಹತ್ತಿರವೇ ನಿಂತಳು.

"ಚೀಟಿ ಇಲ್ಲಿ ಕೊಡು. ಬೇಲಿನ ನಂಬರು ಉಡುಕಿದ ಕಣ್ಣಿಗೆ ಇದ್ಯಾವ ಲೆಕ್ಕ," ಎಂದು ಸಿದ್ದಲಿಂಗಮ್ಮ ಸೆರಗು ಸಿಕ್ಕಿಸಿ, ಹುಡುಗರ ಕಂಕುಳ ಕೆಳಗೇ ನುಗ್ಗಿದಳು. ಚೀಟಿಯ ಅಂಕಿ ನೋಡಿದಳು, ಬೋರ್ಡು ನೋಡಿದಳು. ಮತ್ತೆ ಚೀಟಿ, ಮತ್ತೆ ಬೋರ್ಡು. ನಂಬರು ಇತ್ತು. ಅದರ ಎದುರಿಗೆ ಬರೆದದ್ದು ಓದಲು ಬಾರದೆ ಪಕ್ಕದ ಹುಡುಗನ ಅಂಗಿ ಜಗ್ಗಿದಳು.

"ಅಪ್ಪಾ, ಇದೇನಂತ ಬರ್ದವ್ರೆ?"

"ಸೆಕೆಂಡ್ ಕ್ಲಾಸ್ ಅಜ್ಜಿ. ಪಾಸು."

"ಲೇ ರಮ್ಯಾ! ಪಾಸ್ ಕಣವ್ವಾ!" ಅವಳ ಕೂಗಿಗೆ ಆಫೀಸಿನ ಗುಮಾಸ್ತರೂ ಆಚೆ ಬಂದರು. ಅತ್ತೆ ಸೊಸೆ ಕಾಲೇಜಿನ ಮೆಟ್ಟಿಲ ಮೇಲೆ ತಬ್ಬಿಕೊಂಡು ನಿಂತಿದ್ದನ್ನು ಹುಡುಗರೆಲ್ಲ ನೋಡಿದರು, ನೋಡಲಿ.

ಮೈಸೂರು ಪಾಕಿನ ಪೊಟ್ಟಣ ಇಡೀ ಊರು ತಿರುಗಿತು. ಅದೇ ವಾರ, ಆಗತಾನೇ ಕಾಲೇಜಿಗೆ ಸೇರಿದ ಚಲುವಯ್ಯನ ಮಗಳು ಬೃಂದಾ ನೋಟ್ಸು ಕೇಳಿಕೊಂಡು ಬಂದಳು. ಸಿದ್ದಲಿಂಗಮ್ಮ ತಾನೇ ಅಟ್ಟ ಹತ್ತಿ ಮೊದಲ ವರ್ಷದ ಕಟ್ಟುಗಳನ್ನು ಇಳಿಸಿದಳು. ಹುಡುಗಿ ಮೂಸಿ, "ಹೊಗೆಸೊಪ್ಪಿನ ವಾಸನೆ ದೊಡ್ಡವ್ವ," ಎಂದು ಮೂಗು ಮುರಿದು ಕೈಚಾಚಿದಳು.

"ತಡಿ, ತಡಿ. ಅಂಗೇ ಕೊಟ್ರೆ ನಿಂಗೆ ವಿದ್ಯೆ ಅತ್ತಕಿಲ್ಲ," ಎಂದು ಸಿದ್ದಲಿಂಗಮ್ಮ ಗೋಣಿತಾಟು ಹಾಸಿ, ಹೊಲಿಗೆಯ ದಾರಗಳನ್ನು ಪಟಪಟನೆ ಕಿತ್ತು, ಹಾಳೆಗಳನ್ನೆಲ್ಲ ಎರಡೂ ಕೈಯಲ್ಲಿ ಗೋರಿ ಕಲೆಸತೊಡಗಿದಳು. ಬೃಂದಾ ಬಾಯಿ ಬಿಟ್ಟುಕೊಂಡು ನಿಂತಳು. ಅಡುಗೆಮನೆಯಿಂದ ಇಣುಕಿದ ರಮ್ಯಾ, ಬೇಲಿಯಾಚೆಗೆ ಕೂಗಿದಳು:

"ಚಿಕ್ಕಮಾದಕ್ಕಾ, ಬಿರ್ರನೆ ಬನ್ನಿ! ಕಾಲೇಜು ಸುರುವಾಯ್ತು!"