ಡ್ರಮ್ ನಿಂತ ದಾರಿ

ಮನೆಯ ಮುಂದೆ ರಸ್ತೆಯಂಚಿಗೆ ಕೆಂಪು ಬಣ್ಣ ಬಳಿದು ಸೈಕಲ್ ದಾರಿ ಮಾಡಿದ ಮೇಲೆ ಹೇಮಶ್ರೀಗೆ ಹೊಸದೊಂದು ಕೆಲಸ ಬಂತು. ಸಂಜೆ ಟೀಗೆ ನೀರಿಡುವ ಮೊದಲು ನೀಲಿ ಡ್ರಮ್ಮನ್ನು ಉರುಳಿಸಿಕೊಂಡು ಹೋಗಿ ಆ ಕೆಂಪು ಪಟ್ಟಿಯ ನಡುವೆ ನಿಲ್ಲಿಸಬೇಕು. ಇಲ್ಲದಿದ್ದರೆ ಪಕ್ಕದ ಕ್ಲಿನಿಕ್ಕಿಗೆ ಬಂದವರು ಅಲ್ಲಿ ಕಾರು ನಿಲ್ಲಿಸಿಬಿಡುತ್ತಾರೆ. ಭದ್ರಾವತಿಯ ಬ್ಯಾಂಕಿನಿಂದ ಗಂಡ ಕಾಂತರಾಜ್ ಬರುವವರೆಗೆ ಅವನ ಕಾರಿಗೆ ಜಾಗ ಕಾಯಬೇಕು. ಮನೆಯೊಳಗೆ ಕಾರಿಗಿದ್ದ ಜಾಗವನ್ನು ಎಂದೋ ಮಳಿಗೆ ಮಾಡಿ ಬಾಡಿಗೆಗೆ ಕೊಟ್ಟಾಗಿತ್ತು.

ಅದು ಸರಿಯೋ ತಪ್ಪೋ ಎಂದು ಅವಳು ಯೋಚಿಸಿರಲಿಲ್ಲ. ಹಾಲಿಗೆ ಹೆಪ್ಪು ಹಾಕುವಂತೆ ಅದೂ ಒಂದು. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳ ಕೈಗಳು ಅವಳನ್ನು ಕೇಳದೆಯೇ ಕೆಲಸ ಮಾಡಲು ಕಲಿತಿದ್ದವು.

ಮಲವಗೊಪ್ಪದ ಗೋದಾಮಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದಳು. ಡ್ರಮ್ಮಿನ ಹತ್ತಿರ ಇಳಿದು, ಹಿಂದೆ ನೋಡಿ, ಸೈಕಲ್ ತಳ್ಳಿಕೊಂಡು ಬಸ್ಸು ಕಾರುಗಳ ನಡುವೆ ಸುತ್ತು ಹಾಕಿ ಮತ್ತೆ ಹತ್ತುತ್ತಿದ್ದಳು. ಒಮ್ಮೆ ಗೇಟಿನಲ್ಲಿ ನಿಂತಿದ್ದ ಹೇಮಶ್ರೀಯನ್ನು ನೋಡಿ ನಕ್ಕಳು.

“ಅಕ್ಕಾ, ನಿಮ್ಮ ಡ್ರಮ್ಮಿಗೆ ದಿನಾ ಪ್ರದಕ್ಷಿಣೆ ಹಾಕ್ತಿದೀನಿ. ಏನಾದ್ರೂ ವರ ಕೊಡುತ್ತಾ ಕೇಳಿ.”

ಹೇಮಶ್ರೀಯೂ ನಕ್ಕಳು. ಡ್ರಮ್ಮನ್ನು ಸರಿಸಲಿಲ್ಲ.

ಮುಂದಿನ ವಾರ ಹಾಗೆ ಸುತ್ತು ಹಾಕುವಾಗಲೇ ಬಸ್ಸೊಂದು ಹ್ಯಾಂಡಲ್ಲಿಗೆ ತಗುಲಿ ಆ ಹೆಂಗಸು ಬಿದ್ದಳು. ಹೇಮಶ್ರೀ ಒಳಗೆ ಕರೆತಂದು ಕೂರಿಸಿ ಮೊಣಕೈ ತೊಳೆದಳು. ಹೆಸರು ಭವಾನಿಯೆಂದು ಗೊತ್ತಾದದ್ದು ಆಗಲೇ. ಭವಾನಿ ಯಾರನ್ನೂ ಬೈಯಲಿಲ್ಲ. ಚಕ್ರ ಸೊಟ್ಟಗಾಗಿದೆಯೇ ಎಂದು ನಡುನಡುವೆ ಎದ್ದು ಹೋಗಿ ನೋಡಿದಳು. ಬೇಸಿನ್ನಿನಲ್ಲಿ ನೀರು ಕೆಂಪಾಗುವುದನ್ನು ನೋಡುತ್ತ ಹೇಮಶ್ರೀ ತನ್ನೊಳಗೆ ಏನಾದರೂ ಆದೀತೆಂದು ಕಾದಳು. ಏನೂ ಆಗಲಿಲ್ಲ.

ಮರುದಿನ ಅವಳು ಡ್ರಮ್ ಹೊರಗೆ ತರಲಿಲ್ಲ. ತುಸು ಹೊತ್ತಿನಲ್ಲೇ ಕ್ಲಿನಿಕ್ಕಿಗೆ ಬಂದವರ ಬಿಳಿ ಕಾರು ಅಲ್ಲಿ ನಿಂತಿತು. ಕೈಗೆ ಪಟ್ಟಿ ಕಟ್ಟಿಕೊಂಡಿದ್ದ ಭವಾನಿ ಇಳಿದು, ಡ್ರಮ್ಮಿನದಕ್ಕಿಂತ ದೊಡ್ಡ ಸುತ್ತು ಹಾಕಿ ಹೋದಳು. ದೂರದಲ್ಲೆಲ್ಲೋ ಕಾರು ನಿಲ್ಲಿಸಿ ನಡೆದು ಬಂದ ಕಾಂತರಾಜ್, ಹೇಳಿದ ಒಂದು ಕೆಲಸವೂ ನಿನ್ನಿಂದ ಆಗುವುದಿಲ್ಲವೇ ಎಂದು ಊಟದ ಉದ್ದಕ್ಕೂ ಅನ್ನುತ್ತಲೇ ಇದ್ದ. ಅವಳು ಇನ್ನೊಂದು ಸೌಟು ಸಾರು ಬಡಿಸಿದಳು.

ಅದರ ಮಾರನೆಯ ದಿನ ಡ್ರಮ್ಮಿನ ಜಾಗದಲ್ಲಿ ಅವಳೇ ಹೋಗಿ ನಿಂತಳು. ಕಾರುಗಳು ಬಂದವು, ಹಾರ್ನ್ ಹೊಡೆದವು, ಮುಂದೆ ಹೋದವು. ಸೈಕಲ್ ಬಂದರೆ ಮಾತ್ರ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಮತ್ತೆ ನಿಂತಳು.

“ಏನಕ್ಕಾ, ಟ್ರಾಫಿಕ್ ಪೊಲೀಸ್ ಕೆಲಸ ಸಿಕ್ತಾ?” ಎಂದ ಬಾಡಿಗೆ ಮಳಿಗೆಯ ಮಧು.

ಕಾಂತರಾಜ್ ಅಂದು ಬೇಗ ಬಂದ. ಕಾರು ಇಂಡಿಕೇಟರ್ ಮಿನುಗಿಸುತ್ತ ಅವಳ ಎದುರು ನಿಂತಿತು. ಅವನು ಗಾಜು ಇಳಿಸಿದ.

“ಆ ಕಡೆ ಸರ್ಕೊಳೇ. ಹಿಂದೆ ಗಾಡಿ ನಿಂತಿವೆ.”

ಅವಳು ರಸ್ತೆಯ ತುದಿಯನ್ನು ನೋಡಿದಳು.

“ಭವಾನಿ ಇನ್ನೂ ಬಂದಿಲ್ಲ ರೀ.”

“ಯಾವ ಭವಾನಿ?”

ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯತೊಡಗಿದವು. ಅವಳಿಗೆ ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಅದು ಧೈರ್ಯವೂ ಅಲ್ಲ. ಕಾಲು ಏಳಲಿಲ್ಲ, ಅಷ್ಟೇ. ಕಾಂತರಾಜ್ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಗಾಜು ಏರಿಸಿ, ಕಾರನ್ನು ಮುಂದಕ್ಕೆ ಬಿಟ್ಟ.